ಒಡ್ಡು ಒಡೆಯುವ ಮುನ್ನ

ಯೇನಾ ಎಂಬ ಹೆಸರನ್ನು ನಾವು ಮೊದಲು ಕಂಡದ್ದು ಒಂದು ಹಳೆಯ ಲೆವೆಲ್ ಯಂತ್ರದ ಮೈಮೇಲೆ. ‘ಕಾರ್ಲ್ ಝೈಸ್ ಯೇನಾ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಕೆತ್ತಿತ್ತು. ನಾವದನ್ನು ‘ಜೇನಾ’ ಎಂದೇ ಓದುತ್ತಿದ್ದೆವು. ನಮ್ಮ ಮೊದಲ ಸೈಟಿನ ಸರ್ವೆಯರ್, ಕೇರಳದ ಹಿರಿಯರೊಬ್ಬರು, ಆ ಯಂತ್ರವನ್ನು ಹಸುಗೂಸಿನ ಹಾಗೆ ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಡುತ್ತಿದ್ದರು. ಈಗ ಅಂಥವು ಸೈಟಿನಲ್ಲಿ ಕಾಣುವುದಿಲ್ಲ. ಟೋಟಲ್ ಸ್ಟೇಷನ್, ಜಿಪಿಎಸ್, ಡ್ರೋನ್ ಬಂದಿವೆ.

ನಾವು ಎಂದರೆ ಮೂವರು. ಬಳ್ಳಾರಿ, ಕೊಪ್ಪಳ ಕಡೆಯವರು, ಒಂದೇ ರೂಮಿನವರು. ಹದಿನೈದು ವರ್ಷದಿಂದ ಸರ್ವೆ ಮತ್ತು ಮಣ್ಣಿನ ಕೆಲಸದಲ್ಲಿದ್ದೇವೆ. ಉಬ್ಬಿದ್ದನ್ನು ಕೆತ್ತುವುದು, ತಗ್ಗನ್ನು ತುಂಬುವುದು, ನೆಲವನ್ನು ಅಂಗೈಯಂತೆ ಸಮ ಮಾಡುವುದು ನಮ್ಮ ಅನ್ನ. ಮೂವರ ಮನೆಯಲ್ಲೂ ಹೊಲವಿದೆ. ಆ ಹೊಲಗಳ ವಿಷಯದಲ್ಲಿ ಈ ವರ್ಷ ನಮ್ಮ ರೂಮಿನಲ್ಲಿ ನಡೆದ ಜಗಳವೇ ಈ ಬರಹಕ್ಕೆ ಕಾರಣ.

ನಮ್ಮಲ್ಲೊಬ್ಬರ ಅಕ್ಕನ ಮಗ ಜರ್ಮನಿಯ ಯೇನಾದಲ್ಲಿ ಓದುತ್ತಿದ್ದಾನೆ. ಮಸೂರ, ಬೆಳಕು ಇವುಗಳ ವಿಜ್ಞಾನ ಅವನ ವಿಷಯ. 1846ರಲ್ಲಿ ಕಾರ್ಲ್ ಝೈಸ್ ತನ್ನ ಕಾರ್ಖಾನೆ ತೆರೆದ ಊರು ಅದು, ಹಾಗಾಗಿ ಆ ಓದಿಗೆ ಹೆಸರುವಾಸಿ. ಜಾಲೆ ನದಿಯ ದಂಡೆಯ ಚಿಕ್ಕ ಊರು, ಸುತ್ತ ಸುಣ್ಣಕಲ್ಲಿನ ಗುಡ್ಡ. ರಜೆಗೆ ಊರಿಗೆ ಹೋಗುವಾಗ ದಾರಿಯಲ್ಲಿಳಿದು ನಮ್ಮ ರೂಮಿನಲ್ಲಿ ಎರಡು ದಿನ ಇದ್ದ. ಕೋಳಿ ಸಾರು ಉಣ್ಣುತ್ತಾ ಒಂದು ಮಾತು ಹೇಳಿದ: “ಮಾಮಾ, ನಮ್ಮೂರ ಹೊಲದಾಗ ನಾಕು ಸಾವಿರ ವರ್ಷದ ಹಿಂದ ಏನು ಬೆಳೀತಿದ್ರು ಅಂತ ಯೇನಾದಾಗ ಕುಂತೋರಿಗೆ ಗೊತ್ತೈತಿ. ನಮಗ ಗೊತ್ತಿಲ್ಲ.”

ಹುಡುಗ ಬಡಾಯಿ ಕೊಚ್ಚುತ್ತಾನೆ ಎಂದುಕೊಂಡೆವು. ವಿಚಾರಿಸಿದರೆ ಮಾತು ನಿಜ.

ಯೇನಾದಲ್ಲಿ ಮ್ಯಾಕ್ಸ್ ಪ್ಲಾಂಕ್ ಸೊಸೈಟಿಯ ಒಂದು ಸಂಶೋಧನಾ ಸಂಸ್ಥೆ ಇದೆ. 2014ರಲ್ಲಿ ಮಾನವ ಇತಿಹಾಸದ ವಿಜ್ಞಾನಕ್ಕೆಂದು ಶುರುವಾಯಿತು. 2022ರಿಂದ ಅದರ ಹೆಸರು ಜಿಯೋಆಂಥ್ರೊಪಾಲಜಿ ಸಂಸ್ಥೆ. ಮನುಷ್ಯ ಈ ಭೂಮಿಯನ್ನು ಯಾವಾಗಿನಿಂದ, ಹೇಗೆ ಬದಲಿಸುತ್ತಾ ಬಂದ ಎಂಬುದು ಅಲ್ಲಿನವರ ಪ್ರಶ್ನೆ. 2016ರಲ್ಲಿ ಅಲ್ಲಿನ ಪುರಾತತ್ವ ವಿಭಾಗದ ನಿರ್ದೇಶಕಿಯಾಗಿ ಹೋದ ನಿಕೋಲ್ ಬೋವಿನ್ ಅದಕ್ಕೂ ಮುಂಚೆ ಕೆಲಸ ಮಾಡಿದ ಜಾಗಗಳಲ್ಲಿ ಒಂದು ಸಂಗನಕಲ್ಲು. ಬಳ್ಳಾರಿ ನಗರದ ಪಕ್ಕದ ಸಂಗನಕಲ್ಲು ಮತ್ತು ಕಪ್ಪಗಲ್ಲು ಗುಡ್ಡಗಳು. ನಮ್ಮಲ್ಲೊಬ್ಬರು ಚಿಕ್ಕವರಿದ್ದಾಗ ಆ ಗುಡ್ಡದ ಬುಡದಲ್ಲಿ ಎಮ್ಮೆ ಮೇಯಿಸಿದವರು. ಅಲ್ಲಿನ ಕರಿಕಲ್ಲಿನ ಮೇಲೆ ಎತ್ತಿನ ಚಿತ್ರಗಳಿವೆ, ಬಡಿದರೆ ಗಂಟೆಯ ಹಾಗೆ ನಾದ ಕೊಡುವ ಬಂಡೆಗಳಿವೆ. ಕಲ್ಲುಕೊಡಲಿ ತಯಾರಿಸುತ್ತಿದ್ದ ದೊಡ್ಡ ಜಾಗವೂ ಅದೇ ಗುಡ್ಡದಲ್ಲಿತ್ತು.

ಈ ಜಾಗವನ್ನು ರಾಬರ್ಟ್ ಬ್ರೂಸ್ ಫೂಟ್ 1872ರಲ್ಲೇ ದಾಖಲಿಸಿದ್ದರು. ಸುಬ್ಬರಾವ್ 1940ರ ದಶಕದಲ್ಲಿ ಅಗೆದರು. 1990ರ ದಶಕದ ಕೊನೆಯಿಂದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಲಂಡನ್ನಿನ ಡೋರಿಯನ್ ಫುಲ್ಲರ್ ಮತ್ತು ಬೋವಿನ್ ಸೇರಿ ಮಾಡಿದ ಕೆಲಸದಲ್ಲಿ ನಮ್ಮಂಥ ರೈತರ ಮಕ್ಕಳ ಕಿವಿ ನೆಟ್ಟಗಾಗುವ ಸಂಗತಿ ಬೀಜದ್ದು.

ಬೀಜ ಹಿಡಿಯುವ ವಿಧಾನ ಕೇಳಿ, ನಗು ಬರುತ್ತದೆ, ಅಷ್ಟು ಸರಳ. ಅಗೆದ ಗುಂಡಿಯ ಒಂದೊಂದು ಪದರದ ಮಣ್ಣನ್ನು ಬಕೆಟ್ ನೀರಿಗೆ ಹಾಕಿ ಕಲಕುತ್ತಾರೆ. ಮಣ್ಣು ತಳಕ್ಕಿಳಿಯುತ್ತದೆ, ಇದ್ದಿಲು ತೇಲುತ್ತದೆ. ತೇಲಿದ್ದನ್ನು ತೆಳುವಾದ ಬಟ್ಟೆಯಲ್ಲಿ ಸೋಸಿ, ನೆರಳಲ್ಲಿ ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಾರೆ. ಯಾವತ್ತೋ ಒಬ್ಬ ತಾಯಿ ಹುರಿಯುವಾಗ ಒಲೆಗೆ ಬಿದ್ದು ಕರಕಾದ ಕಾಳು ಮಾತ್ರ ಹೀಗೆ ಸಿಗುತ್ತದೆ. ಚೆನ್ನಾಗಿ ಬೆಂದು ಹೊಟ್ಟೆ ಸೇರಿದ್ದು ಸಿಗುವುದಿಲ್ಲ. ಸೀದ ಅಡುಗೆಗೂ ಒಂದು ಬೆಲೆ ಇದೆ ಎಂದು ಅವತ್ತು ನಮ್ಮ ರೂಮಿನ ಅಡುಗೆ ಪಾಳಿಯವರು ಹೇಳಿಕೊಂಡರು.

ಬಳ್ಳಾರಿ, ರಾಯಚೂರು ಕಡೆಯ ನವಶಿಲಾಯುಗದ ಊರುಗಳಲ್ಲಿ ಹೀಗೆ ಮತ್ತೆ ಮತ್ತೆ ಸಿಕ್ಕದ್ದು ಕೊರಲೆ, ನವಣೆಯ ಜಾತಿಗೆ ಸೇರಿದ ಇನ್ನೊಂದು ಸಣ್ಣ ಧಾನ್ಯ, ಹೆಸರು ಮತ್ತು ಹುರುಳಿ. ನಾಲ್ಕೂ ಮುಂಗಾರು ಮಳೆಯ ಬೆಳೆ. ಬಾವಿ ಬೇಡ, ಕಾಲುವೆ ಬೇಡ. ಇವತ್ತಿಗೂ ಮಳೆ ಕೈಕೊಟ್ಟ ವರ್ಷ ನಮ್ಮವರು “ಹುರುಳಿನಾದ್ರೂ ಚೆಲ್ಲೋಣ” ಎನ್ನುತ್ತಾರಲ್ಲ, ಆ ಮಾತಿಗೆ ನಾಲ್ಕು ಸಾವಿರ ವರ್ಷದ ಬೇರು ಇದೆ ಎಂದಾಯಿತು. ಗೋಧಿ, ಬಾರ್ಲಿಗಳು ವಾಯವ್ಯದ ಕಡೆಯಿಂದ ಆಮೇಲೆ ಬಂದವು, ಅದೂ ಸ್ವಲ್ಪ. ಸಜ್ಜೆ ಮತ್ತು ಅವರೆ ಆಫ್ರಿಕಾ ಮೂಲದವು. ಕ್ರಿ.ಪೂ. ಎರಡನೆಯ ಸಹಸ್ರಮಾನದಲ್ಲಿ ದಕ್ಷಿಣ ಭಾರತದ ಊರುಗಳಲ್ಲಿ ಕಾಣಿಸಿಕೊಳ್ಳುತ್ತವೆ. ನಮ್ಮ ಜೋಳವೂ, ಹಳೇ ಮೈಸೂರಿನವರ ರಾಗಿಯೂ ಹುಟ್ಟಿದ್ದು ಆಫ್ರಿಕಾದಲ್ಲೇ.

ಅವು ಯಾವ ದಾರಿಯಿಂದ ಬಂದವು? ಬೋವಿನ್ ಮತ್ತು ಫುಲ್ಲರ್ 2009ರಲ್ಲಿ ಇದರ ಬಗ್ಗೆಯೇ ಒಂದು ದೀರ್ಘ ಲೇಖನ ಬರೆದಿದ್ದಾರೆ. ಅರಬ್ ಪರ್ಯಾಯ ದ್ವೀಪದ ಕರಾವಳಿಯ ಮೀನುಗಾರರು, ಸಣ್ಣ ದೋಣಿಯ ವ್ಯಾಪಾರಿಗಳು ಕೈಯಿಂದ ಕೈಗೆ ಬೀಜ ದಾಟಿಸಿದರು ಎಂಬ ದಿಕ್ಕಿನಲ್ಲಿ ಅವರ ವಾದ ಸಾಗುತ್ತದೆ. ನಾವು ದಿನಾ ಬೆಳಿಗ್ಗೆ ಕಂಪನಿ ಬಸ್ಸಿನ ಕಿಟಕಿಯಿಂದ ನೋಡುವ ಈ ಕಡಲ ಕಡೆಯಿಂದಲೇ ಸಜ್ಜೆ ರೊಟ್ಟಿಯ ಸಜ್ಜೆ ನಮ್ಮೂರಿಗೆ ಹೋಗಿರಬಹುದು. ವೀಸಾ ಇಲ್ಲದ ಕಾಲ.

ಇಷ್ಟರ ಮೇಲೆ ನಮಗೆ ಒಂದು ಪ್ರಶ್ನೆ ಎದ್ದಿತು. ನೆಲ ಅಳೆಯುವವರಿಗೆ ಏಳಲೇಬೇಕಾದ ಪ್ರಶ್ನೆ. ಬೀಜವೇನೋ ಸಿಕ್ಕಿತು, ಹೊಲ ಎಲ್ಲಿ? ಯಾರದ್ದು ಎಲ್ಲಿಗೆ ಮುಗಿಯುತ್ತಿತ್ತು? ನೀರು ಯಾವ ಕಡೆ ಇಳಿಯುತ್ತಿತ್ತು? ಕರಕಲು ಕಾಳು ಇದನ್ನು ಹೇಳುವುದಿಲ್ಲ. ಗುಡ್ಡದ ಮೇಲೆ ಮನೆ, ಗುಡ್ಡದ ನೀರು ಇಳಿದು ಮಣ್ಣು ನಿಲ್ಲುವ ಬುಡದಲ್ಲಿ ಬೇಸಾಯ ಎಂದು ಅಂದಾಜು ಮಾಡಬಹುದು. ಆದರೆ ಆ ಬುಡವನ್ನು ಅಲ್ಲಿಂದ ಇಲ್ಲಿಯವರೆಗೆ ಸಾವಿರಾರು ಸಲ ಉತ್ತಿದ್ದಾರೆ. ಮನೆಯ ಗುರುತು ಉಳಿಯುತ್ತದೆ, ಸಮಾಧಿ ಉಳಿಯುತ್ತದೆ. ಎಲ್ಲರ ಹೊಟ್ಟೆ ಹೊರೆದ ಹೊಲ ಎಲ್ಲಕ್ಕಿಂತ ಮೊದಲು ಅಳಿಸಿಹೋಗುತ್ತದೆ.

ಗೊಬ್ಬರದ ಕಥೆಯಂತೂ ಇನ್ನೂ ಬಿಡಿಸದ ಗಂಟು. ಕುಡತಿನಿ, ಕಪ್ಪಗಲ್ಲು, ಸುರಪುರ ಸೀಮೆಯ ಬೂದಿಹಾಳ ಮುಂತಾದ ಕಡೆ ದೊಡ್ಡ ದೊಡ್ಡ ಬೂದಿಗುಡ್ಡಗಳಿವೆ. ಹಂಪಿ ಹತ್ತಿರದ ನಿಂಬಾಪುರದ್ದನ್ನು ವಾಲಿಯನ್ನು ಸುಟ್ಟ ಬೂದಿ ಎನ್ನುತ್ತಾರೆ ಜನ. ಅವು ನವಶಿಲಾಯುಗದವರು ತಲೆಮಾರುಗಟ್ಟಲೆ ದನದ ಸಗಣಿ ಒಟ್ಟಿ ಒಟ್ಟಿ ಸುಟ್ಟ ರಾಶಿಗಳು. ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ 1990ರ ದಶಕದಲ್ಲಿ ಬೂದಿಹಾಳವನ್ನು ಅಗೆದಾಗ ಬೂದಿಯ ಪಕ್ಕದಲ್ಲೇ ಮನೆಗಳೂ ದನದ ದೊಡ್ಡಿಯೂ ಸಿಕ್ಕವು. ಅಷ್ಟೊಂದು ಗೊಬ್ಬರವನ್ನು ಹೊಲಕ್ಕೆ ಹಾಕದೆ ಸುಟ್ಟದ್ದು ಏಕೆ? ಹಬ್ಬದ ಆಚರಣೆ ಎನ್ನುತ್ತಾರೆ ಕೆಲವರು. ಇಂಥ ಗುಡ್ಡಗಳ ಬೂದಿಯನ್ನು ಇತ್ತೀಚಿನ ರೈತರು ಗಾಡಿಯಲ್ಲಿ ತುಂಬಿ ಹೊಲಕ್ಕೆ ಹೊತ್ತದ್ದೂ ಉಂಟು. ಹೀಗೆ ಆ ಸಗಣಿ ನಾಲ್ಕು ಸಾವಿರ ವರ್ಷ ತಡವಾಗಿ ಹೊಲ ಸೇರಿತು.

ಹೊರಗಿನ ದೇಶಗಳಲ್ಲಿ ಹೊಲವೇ ಸಿಕ್ಕ ಉದಾಹರಣೆಗಳಿವೆ. ಐರ್ಲೆಂಡಿನ ಮೇಯೋ ಜಿಲ್ಲೆಯಲ್ಲಿ ಒಲೆಗೆಂದು ಜವುಗುಮಣ್ಣು ಕತ್ತರಿಸುವಾಗ ಆಳದಲ್ಲಿ ಸಾಲುಗಲ್ಲು ಇರುವುದನ್ನು 1930ರ ದಶಕದಲ್ಲಿ ಪ್ಯಾಟ್ರಿಕ್ ಕಾಲ್‌ಫೀಲ್ಡ್ ಎಂಬ ಶಾಲಾ ಮಾಸ್ತರರು ಗಮನಿಸಿದರು. ಮುಂದೆ ಅವರ ಮಗ ಶೇಮಸ್ ಪುರಾತತ್ವ ಓದಿ ಬಂದು, ಕಬ್ಬಿಣದ ಸಲಾಕೆಯನ್ನು ಹೆಜ್ಜೆ ಹೆಜ್ಜೆಗೂ ಜವುಗಿನೊಳಗೆ ಚುಚ್ಚಿ, ಕಲ್ಲು ತಾಗಿದಲ್ಲಿ ಗುರುತಿಟ್ಟು, ಮೈಲುಗಟ್ಟಲೆ ಹರಡಿದ ಕಲ್ಲಿನ ಒಡ್ಡುಗಳ ನಕ್ಷೆ ತೆಗೆದರು. ಕೇಯ್ಡ್ ಫೀಲ್ಡ್ಸ್ ಎಂದು ಅದರ ಹೆಸರು. ಅದು ನವಶಿಲಾಯುಗದ್ದೆಂದು ಅವರ ಲೆಕ್ಕ. ಕಾಲದ ಬಗ್ಗೆ ಈಚೆಗೆ ಕೆಲವರು ತಕರಾರು ತೆಗೆದಿದ್ದಾರೆ, ಅದು ಪಂಡಿತರ ಪಾಡು. ಒಬ್ಬ ಊರಿನ ಮಾಸ್ತರು ನೋಡಿದ್ದನ್ನು ಮರೆಯಲಿಲ್ಲ, ಮಗನಿಗೆ ಹೇಳಿದ. ನಮಗೆ ಬೇಕಾದದ್ದು ಅಷ್ಟು. ಹಾಲೆಂಡ್, ಉತ್ತರ ಜರ್ಮನಿಗಳಲ್ಲಿ ಕಾಡಿನ ಕೆಳಗೆ ಅಡಗಿದ ಹಳೆಯ ಹೊಲಗಳ ತಗ್ಗು ಬದುಗಳನ್ನು ಈಗ ವಿಮಾನದಿಂದ ಲೈಡಾರ್ ಹಾಯಿಸಿ ಹುಡುಕುತ್ತಾರೆ. ಲೈಡಾರ್ ಏನೆಂದು ನಮ್ಮ ಸೈಟಿನ ಹುಡುಗರಿಗೆ ಹೇಳಿಕೊಡಬೇಕಿಲ್ಲ.

ಅಷ್ಟು ದೂರವೇಕೆ, ನಾವಿರುವ ನಾಡನ್ನೇ ನೋಡಿ. ಅಲ್ ಐನ್ ಪಕ್ಕದ ಹೀಲಿಯಲ್ಲಿ ಸುಮಾರು 5,000 ವರ್ಷಗಳ ಹಿಂದೆಯೇ ಖರ್ಜೂರ, ಗೋಧಿ, ಬಾರ್ಲಿ ಬೆಳೆದಿದ್ದಾರೆ. ನೆಲದಡಿಯ ಕಾಲುವೆಯಲ್ಲಿ ನೀರು ತರುವ ಫಲಜ್ ಪದ್ಧತಿ ಹೀಲಿಯಲ್ಲೂ ಬಿದಾ ಬಿಂತ್ ಸೌದ್‌ನಲ್ಲೂ ಸುಮಾರು 3,000 ವರ್ಷದ ಹಿಂದಿನದು ಸಿಕ್ಕಿದೆ. ಫಲಜ್ ಇರಾನಿನಿಂದ ಬಂದದ್ದು ಎಂಬ ಹಳೆಯ ನಂಬಿಕೆಯನ್ನು ಪ್ರಶ್ನಿಸಿ, ಅದು ಈ ನೆಲದಲ್ಲೇ ಹುಟ್ಟಿತು ಎಂದು ವಾದಿಸಿದವರು ಇಲ್ಲಿ ದಶಕಗಟ್ಟಲೆ ಅಗೆದ ವಲೀದ್ ಯಾಸಿನ್ ಅಲ್ ತಿಕ್ರೀತಿ. ಒಮಾನಿನ ಐದು ಫಲಜ್‌ಗಳು 2006ರಲ್ಲಿ, ಅಲ್ ಐನ್ 2011ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ರಜೆಯ ದಿನ ಮಾಲ್ ಸುತ್ತಿ ಸಾಕಾದವರು ಒಮ್ಮೆ ಹೀಲಿಯ ಉದ್ಯಾನಕ್ಕೆ ಹೋಗಿಬನ್ನಿ.

ನಾವು ಕಣ್ಣಾರೆ ಕಂಡದ್ದು ಇನ್ನೊಂದಿದೆ. ಒಂದು ರಸ್ತೆ ಕೆಲಸದಲ್ಲಿ ಗ್ರೇಡರ್ ನಿಂತಿತ್ತು. ಒಂದು ವಾರ, ಎರಡು ವಾರ. ಹಳೆಯ ಗೋಡೆಯ ಸಾಲೊಂದು ಕಂಡಿತ್ತು, ಪುರಾತತ್ವದವರ ಎನ್‌ಒಸಿ ಬರಬೇಕಿತ್ತು. ಅವರು ಬಂದು ಹಗ್ಗ ಕಟ್ಟಿ, ಫೋಟೊ ತೆಗೆದು, ಅಳತೆ ಬರೆದುಕೊಂಡು ಹೋದ ಮೇಲೆಯೇ ಯಂತ್ರ ಹೊರಟದ್ದು. ಕೋಟಿಗಟ್ಟಲೆಯ ಕೆಲಸ ಮಂಡಿಯೆತ್ತರದ ಗೋಡೆಗಾಗಿ ಕಾದಿತು. ಆ ಎರಡು ವಾರ ನಾವು ನೆರಳಲ್ಲಿ ಕೂತು ಸಂಬಳ ಎಣಿಸಿಕೊಂಡೆವು, ಸುಳ್ಳೇಕೆ ಹೇಳೋಣ.

ಈಗ ಜಗಳದ ವಿಷಯ. ನಮ್ಮಲ್ಲೊಬ್ಬರ ಮನೆಯಲ್ಲಿ ಆರು ಎಕರೆ ಮಸಾರಿ ಹೊಲವಿದೆ, ಗುಡ್ಡಕ್ಕೆ ಹತ್ತಿಕೊಂಡು. ಅದಕ್ಕೆ ಏಳು ಒಡ್ಡು. ತಮ್ಮ ಫೋನ್ ಮಾಡಿದ: “ಅಣ್ಣಾ, ಸೋಲಾರ್‌ನವ್ರು ಲೀಸಿಗೆ ಕೇಳಕತ್ತಾರ. ಒಡ್ಡು ಒಡದು ಒಂದ ಮಟ್ಟ ಮಾಡಿ ಕೊಡ್ರಿ ಅಂದಾರ. ಜೆಸಿಬಿಗೆ ರೊಕ್ಕ ಕಳಸು.” ರೊಕ್ಕ ಕಳಿಸುವುದು ದೊಡ್ಡ ಮಾತಲ್ಲ. ಇನ್ನೊಬ್ಬರು ಹಿಂದಿನ ವರ್ಷವೇ ಕಳಿಸಿದ್ದರು, ಅವರ ಹೊಲ ಈಗ ಲೇಔಟ್ ಆಗಿ ಕಲ್ಲು ನೆಟ್ಟಿದ್ದಾರೆ. ಊರಿನ ನೆಲವನ್ನು ಮಟ್ಟ ಮಾಡುತ್ತಿರುವ ದುಡ್ಡಿನಲ್ಲಿ ಗಲ್ಫಿನ ದುಡ್ಡು ಎಷ್ಟಿದೆ ಎಂದು ಯಾರೂ ಲೆಕ್ಕ ಇಟ್ಟಿಲ್ಲ. ನಮ್ಮ ಮೂರು ಮನೆಯಲ್ಲಿ ಎರಡರದ್ದು ನಮಗೆ ಗೊತ್ತು.

ನಮ್ಮಲ್ಲಿ ಒಬ್ಬರು ಒಡ್ಡು ಒಡೆಯಬಾರದು ಎಂದರು. ಇನ್ನೊಬ್ಬರು ಸಿಟ್ಟಾದರು. ಮಳೆ ಇಲ್ಲ, ಆಳು ಸಿಗುವುದಿಲ್ಲ, ಎತ್ತು ಮಾರಿ ಎಂಟು ವರ್ಷವಾಯಿತು, ನೀನು ಎಸಿ ರೂಮಿನಲ್ಲಿ ಕೂತು ಒಡ್ಡು ಇರಲಿ ಎಂದರೆ ತಮ್ಮ ಉಣ್ಣುವುದೇನು? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೇ? ಈ ಮಾತಿಗೆ ನಮ್ಮಲ್ಲಿ ಉತ್ತರವಿಲ್ಲ. ಹೊಲವನ್ನು ವಸ್ತುಸಂಗ್ರಹಾಲಯ ಮಾಡಿ ಎಂದು ದುಬೈನಿಂದಲೋ ದೋಹಾದಿಂದಲೋ ಉಪದೇಶ ಮಾಡುವುದು ನಾಚಿಕೆಗೇಡು. ಲೀಸಿಗೆ ಕೊಡುವವರು ಕೊಡಲಿ.

ಆದರೆ ಒಡೆಯುವುದಕ್ಕೂ ಅಳೆಯುವುದಕ್ಕೂ ಜಗಳವಿಲ್ಲವಲ್ಲ. ಇಲ್ಲಿ ಯಾರದೋ ಗೋಡೆಗಾಗಿ ಯಂತ್ರ ನಿಲ್ಲಿಸುವುದನ್ನು ಕಂಡವರು ನಾವು. ನಮ್ಮಪ್ಪನ ಒಡ್ಡಿಗಾಗಿ ಒಂದು ದಿನ ನಿಲ್ಲಿಸಲಾರೆವೇ? ಇದಿಷ್ಟೇ ನಮ್ಮ ವಾದ.

ಪಹಣಿಯಲ್ಲಿ ಸರ್ವೆ ನಂಬರ್ ಇದೆ, ಕ್ರಯಪತ್ರದಲ್ಲಿ ಚೆಕ್ಕುಬಂದಿ ಇದೆ, ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ನಂಬರ್ ಬರುತ್ತದೆ. ಅವೆಲ್ಲ ಹೊರಗಿನ ಗೆರೆ. ಹೊಲದ ಒಳಗಿನದು ಯಾವ ದಫ್ತರದಲ್ಲೂ ಇಲ್ಲ. ಯಾವ ಒಡ್ಡು ಮೊದಲಿನದು, ಯಾವುದು ಸರಕಾರದ ಬರಗಾಲದ ಕಾಮಗಾರಿಯದು, ಕೋಡಿ ಎಲ್ಲಿ ಬಿಟ್ಟಿದ್ದಾರೆ, ಕಣ ಎಲ್ಲಿತ್ತು, ಹಗೇವು ಯಾವ ಕಡೆ ತೋಡಿದ್ದರು, ಎಳ್ಳಮಾವಾಸ್ಯೆಗೆ ಚರಗ ಚೆಲ್ಲುವುದನ್ನು ಯಾವ ಮೂಲೆಯಿಂದ ಶುರು ಮಾಡುತ್ತಿದ್ದರು, ಅಕ್ಕಡಿ ಸಾಲಿನಲ್ಲಿ ಏನು ಹಾಕುತ್ತಿದ್ದರು, ಹಾಳುಬಾವಿ ಹೊಲ, ಹುಣಸಿಗಿಡದ ಹೊಲ ಎಂಬ ಹೆಸರು ಏಕೆ ಬಂತು. ಇದೆಲ್ಲ ಎಪ್ಪತ್ತು ದಾಟಿದ ಹಿರಿಯರ ತಲೆಯಲ್ಲಿದೆ. ಅವರ ಜೊತೆಗೇ ಹೋಗುತ್ತದೆ.

2019ರಲ್ಲಿ ಜಗತ್ತಿನ 250ಕ್ಕೂ ಹೆಚ್ಚು ಪುರಾತತ್ವಜ್ಞರು ತಮಗೆ ಗೊತ್ತಿದ್ದದ್ದನ್ನು ಒಟ್ಟು ಸೇರಿಸಿ, ಭೂಮಿಯನ್ನು 146 ಪ್ರದೇಶಗಳಾಗಿ ವಿಂಗಡಿಸಿ, ಯಾವಾಗ ಎಲ್ಲಿ ಬೇಸಾಯ, ಎಲ್ಲಿ ದನಗಾಹಿತನ ಹರಡಿತ್ತು ಎಂಬ ಲೆಕ್ಕ ಪ್ರಕಟಿಸಿದರು. ಫುಲ್ಲರ್ ಮತ್ತು ಬೋವಿನ್ ಅದರಲ್ಲಿದ್ದರು. 3,000 ವರ್ಷದ ಹಿಂದೆಯೇ ಭೂಮಿಯ ಬಹುಭಾಗ ಮನುಷ್ಯನ ಕೈಯಲ್ಲಿ ಬದಲಾಗಿತ್ತು ಎಂಬುದು ಅದರ ಸಾರ. ಅಂಥ ಲೆಕ್ಕದಲ್ಲಿ ಬಳ್ಳಾರಿ ಸೀಮೆ ಒಂದು ಚುಕ್ಕೆ. ಆ ಚುಕ್ಕೆಯೊಳಗೆ ಏನಿದೆ ಎಂದು ತುಂಬಬೇಕಾದವರು ಯೇನಾದವರೇ ಆಗಬೇಕಿಲ್ಲ. ಸಂಗನಕಲ್ಲಿನ ಗುಡ್ಡಗಳಿಗೆ ಕಲ್ಲುಗಣಿಯವರು ಮಾಡಿದ ಗಾಯವನ್ನೂ ಮೊದಲು ಗಟ್ಟಿಯಾಗಿ ಹೇಳಿದವರು ಅಲ್ಲಿ ಅಗೆದವರೇ. ಬುಡದಲ್ಲಿ ಹೊಲವಿದ್ದ ನಾವು ಸಿಡಿಮದ್ದಿನ ಸದ್ದಿಗೆ ಎಮ್ಮೆ ಬೆದರುತ್ತದೆ ಎಂದಷ್ಟೇ ಗೊಣಗಿದೆವು.

ಇಲಾಖೆಯವರಿಗೆ ಗೊತ್ತಾದರೆ ಹೊಲ ಹೋಗುತ್ತದೆ ಎಂಬ ಭಯ ನಮ್ಮವರಲ್ಲಿದೆ. ಸುಮ್ಮನೆ ಹುಟ್ಟಿದ ಭಯವಲ್ಲ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಏನೂ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್ ಅನುಮತಿ ಬೇಕು ಎಂದು 2010ರ ತಿದ್ದುಪಡಿ ಹೇಳುತ್ತದೆ. ಹಂಪಿ ಕಡೆಯವರನ್ನು ಕೇಳಿ. ಆದ್ದರಿಂದಲೇ ನೇಗಿಲಿಗೆ ಸಿಕ್ಕ ನುಣುಪು ಕಲ್ಲುಕೊಡಲಿ ತಿಪ್ಪೆ ಸೇರುತ್ತದೆ. ಆದರೆ ನಿಮ್ಮ ಹೊಲವನ್ನು ನಿಮ್ಮ ಫೋನಿನಲ್ಲಿ ನೀವೇ ಚಿತ್ರ ತೆಗೆದಿಟ್ಟುಕೊಳ್ಳಲು ಯಾರ ಅಪ್ಪಣೆಯೂ ಬೇಡ. ಒಡ್ಡಿನ ಗುಂಟ ನಡೆಯಿರಿ, ನಡೆದ ದಾರಿ ಫೋನಿನ ಜಿಪಿಎಸ್‌ನಲ್ಲಿ ಉಳಿಯುತ್ತದೆ. ಅಪ್ಪನೋ ದೊಡ್ಡವ್ವನೋ ಮಾತಾಡಲಿ, ರೆಕಾರ್ಡ್ ಮಾಡಿ. ಮನೆಯ ಅಟ್ಟದಲ್ಲಿ ಕೊರಲೆ, ನವಣೆ, ಹುರುಳಿಯ ಹಳೆಯ ಬೀಜ ಒಂದು ಹಿಡಿ ಉಳಿದಿದ್ದರೆ ಬೂದಿ ಬೆರೆಸಿ ಮಡಕೆಯಲ್ಲಿ ಇಡಿಸಿ. ಹದಿನೈದು ದಿನದ ರಜೆಯಲ್ಲಿ ಇದಕ್ಕೆ ಒಂದು ಬೆಳಗು ಸಾಕು.

ಸಂಘದ ಮುಂದೆಯೂ ಒಂದು ಬೇಡಿಕೆ ಇಡುತ್ತೇವೆ. ರಾಜ್ಯೋತ್ಸವಕ್ಕೆ ಪ್ರತಿ ವರ್ಷ ಆರ್ಕೆಸ್ಟ್ರಾ ಕರೆಸುತ್ತೇವೆ. ಬೇಡ ಎನ್ನುವುದಿಲ್ಲ, ಕುಣಿದವರಲ್ಲಿ ನಾವೂ ಇದ್ದೆವು. ಅದರ ಖರ್ಚಿನ ಹತ್ತನೇ ಒಂದು ಪಾಲು ತೆಗೆದಿಟ್ಟು, ಸದಸ್ಯರು ಕಳಿಸುವ ಹೊಲದ ನಕ್ಷೆ, ದನಿ, ಚಿತ್ರಗಳನ್ನು ಒಂದೆಡೆ ಜೋಡಿಸಿಡುವ ವ್ಯವಸ್ಥೆ ಮಾಡಬಹುದು. ನಮ್ಮಲ್ಲಿ ಸರ್ವೆಯರ್‌ಗಳಿದ್ದಾರೆ, ಡ್ರಾಫ್ಟ್ಸ್‌ಮನ್‌ಗಳಿದ್ದಾರೆ, ಕಂಪ್ಯೂಟರಿನವರು ಬೇಕಾದಷ್ಟಿದ್ದಾರೆ. ಹೊರಗಿನವರಿಗೆ ಬೀಗಮುದ್ರೆ ಹಾಕಿದ ಡ್ರಾಯಿಂಗ್ ಮಾಡಿಕೊಡುವ ಕೈಗಳು ತಮ್ಮ ಹೊಲದ ಡ್ರಾಯಿಂಗ್ ಒಂದನ್ನು ಮಾಡಲಿ. ಕರಾವಳಿಯವರ ಗದ್ದೆ, ಬೈಲು, ಕುಮ್ಕಿಯದ್ದು ಬೇರೆಯೇ ಲೆಕ್ಕ. ಅವರು ತಮ್ಮದನ್ನು ತಮ್ಮ ಮಾತಿನಲ್ಲೇ ಬರೆಯಲಿ. ನಮಗೆ ಆ ಶಬ್ದಗಳು ಸರಿಯಾಗಿ ಬರುವುದಿಲ್ಲ.

ತಮ್ಮನಿಗೆ ಜೆಸಿಬಿಯ ರೊಕ್ಕ ಕಳಿಸಿದೆವು. ಕಳಿಸುವ ಮುಂಚೆ ಒಂದು ಷರತ್ತು ಹಾಕಿದೆವು: ಅಪ್ಪನನ್ನು ಕರೆದುಕೊಂಡು ಏಳೂ ಒಡ್ಡಿನ ಮೇಲೆ ನಡೆದು ವಿಡಿಯೊ ಕಳಿಸಬೇಕು. ಅವನು ಗೊಣಗಿದ. ಕಳಿಸಿದ. ನಲವತ್ತೆರಡು ನಿಮಿಷ. ಮೂವರೂ ರೂಮಿನ ಗೋಡೆಗೆ ಫೋನ್ ಒರಗಿಸಿಕೊಂಡು ನೋಡಿದೆವು. ಮೊದಲ ಮೂರು ಒಡ್ಡು ಸರಕಾರದವು, 72ರ ಬರದಲ್ಲಿ ಕೂಲಿಗೆ ಹಾಕಿದ್ದು, ಅವ್ವನೂ ಮಣ್ಣು ಹೊತ್ತಿದ್ದಳು ಎಂದರು ಅಪ್ಪ. ಇದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮುಂದಿನ ಮೂರು ಅಜ್ಜನವು. ಗುಡ್ಡಕ್ಕೆ ತಾಗಿದ ಏಳನೆಯದರ ಹತ್ತಿರ ಅಪ್ಪ ನಿಂತರು. ಅದು ಮಣ್ಣಿನದಲ್ಲ, ದುಂಡುಗಲ್ಲು ಜೋಡಿಸಿದ್ದು, ಅರ್ಧ ಹೂತಿದೆ, ಮೇಲೆ ಕಾರೆಮುಳ್ಳು ಬೆಳೆದಿದೆ.

“ಇದು ಯಾರು ಹಾಕಿದ್ದು ಯಪ್ಪಾ?” ಎಂದು ತಮ್ಮ ಕೇಳುವುದು ಕೇಳಿಸುತ್ತದೆ.

“ನಮ್ಮಜ್ಜ ಬರೂದ್ರೊಳಗ ಇತ್ತಂತ. ಅವನೂ ಕೇಳಿದ್ನಂತ, ಯಾರಿಗೂ ಗೊತ್ತಿದ್ದಿಲ್ಲಂತ.”

ಸುಗ್ಗಿ ಮುಗಿದ ಮೇಲೆ ಜೆಸಿಬಿ ಬರುತ್ತದೆ. ಆರು ಒಡ್ಡಿಗೆ ಮಾತಾಗಿದೆ. ಏಳನೆಯದರ ಬಗ್ಗೆ ಕಂಪನಿಯವರನ್ನು ಕೇಳಿ ಹೇಳುತ್ತೇನೆ ಎಂದು ತಮ್ಮ ಹೇಳಿದ್ದಾನೆ.